ಹೆಸರಿನ ಪುಟ, ಹೆಬ್ಬೆರಳಿನ ಬಟನ್

ಆ ಮೌಸ್ ನಮ್ಮ ಪ್ರೆಸ್ಸಿಗೆ ಬಂದದ್ದು ಯಜಮಾನರ ಭಾವ ದುಬೈಯಿಂದ ರಜೆಯಲ್ಲಿ ಬಂದಾಗ. ಬಾಲವಿಲ್ಲದ ಮೌಸ್. ಅಂಗೈ ತುಂಬುವಷ್ಟು ದೊಡ್ಡದು, ಬೂದು ಬಣ್ಣ, ಹೊಟ್ಟೆಯೊಳಗೆ ಪೆನ್ಸಿಲ್ ಸೆಲ್, ಬೆನ್ನಿನ ಮೇಲೆ ಚಕ್ರ, ಎಡಬದಿಯಲ್ಲಿ ಹೆಬ್ಬೆರಳು ಕೂರುವ ಕಡೆ ಹೆಚ್ಚುವರಿಯಾಗಿ ಎರಡು ಬಟನ್. ಯಜಮಾನರು ಅದನ್ನು ನನ್ನ ಮೂಗಿನ ಮುಂದೆಯೇ ದಾಟಿಸಿಕೊಂಡು ಹೋಗಿ ಕಿಟಕಿ ಬದಿಯ ಮೇಜಿನ ಮೇಲೆ ಇಟ್ಟರು. ಆ ಮೇಜಿನಲ್ಲಿ ಕೂರುತ್ತಿದ್ದವನು ಹೊಸ ಆಪರೇಟರ್.

ಹಳೆಯ ಆಪರೇಟರ್ ನಾನು. ನನ್ನ ಮೌಸಿನೊಳಗೆ ರಬ್ಬರಿನ ಚೆಂಡು. ದಿನಕ್ಕೊಮ್ಮೆ ಅದನ್ನು ಮಗುಚಿ ಹಾಕಿ ಒಳಗಿನ ಉರುಳೆಗಳಿಗೆ ಅಂಟಿದ ಕಸವನ್ನು ಉಗುರಿನಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬಾಣದ ಗುರುತು ಕುಡುಕನ ಹಾಗೆ ನಡೆಯುತ್ತಿತ್ತು. ಬೇರೊಂದು ಕೊಡಿಸಿ ಎಂದು ಕೇಳುತ್ತಾ ವರ್ಷ ಕಳೆದಿತ್ತು. "ನೋಡುವ ಮಾರಾಯ್ತಿ" ಎಂದು ಯಜಮಾನರು ಪ್ರತಿ ಸಲವೂ ಹೇಳುತ್ತಿದ್ದರು. ಕೊನೆಗೂ ನೋಡಿದರು, ಆದರೆ ಕಿಟಕಿಯ ಕಡೆ ನೋಡಿದರು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಉಡುಪಿಯ ಆ ಪ್ರೆಸ್ಸಿನಲ್ಲಿ ಕೆಳಗೆ ಆಫ್‌ಸೆಟ್ ಯಂತ್ರ, ಮಹಡಿಯಲ್ಲಿ ಡಿ.ಟಿ.ಪಿ. ಕೋಣೆ. ಆ ಕೋಣೆಯಲ್ಲಿ ಎರಡು ಕಂಪ್ಯೂಟರ್, ಎರಡು ಕುರ್ಚಿ ಮತ್ತು ಗಿರಾಕಿಗಳು ಬಂದರೆ ಕೂರಲು ಒಂದು ಮರದ ಸ್ಟೂಲ್. ಆ ಸ್ಟೂಲ್ ನನ್ನ ಕುರ್ಚಿಯ ಪಕ್ಕದಲ್ಲಿರುತ್ತಿತ್ತು. ನನ್ನ ಹೊಟ್ಟೆಕಿಚ್ಚಿನ ಬೇರು ಇದ್ದದ್ದು ಮೌಸಿನಲ್ಲಿ ಎಂದು ನಾನೇ ಮೊದಲು ತಿಳಿದಿದ್ದೆ. ನಿಜವಾಗಿ ಇದ್ದದ್ದು ಆ ಸ್ಟೂಲಿನಲ್ಲಿ.

ಮದುವೆ ಕಾಗದವನ್ನು ಯಾರು ಬೇಕಾದರೂ ಮಾಡುತ್ತಾರೆ. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಮಾಡಲಿಕ್ಕೆ ಗುಂಡಿಗೆ ಬೇಕು. ಊರಿನ ದೇವಸ್ಥಾನ ಜೀರ್ಣೋದ್ಧಾರವಾಗಿ ಬ್ರಹ್ಮಕಲಶೋತ್ಸವ ಗೊತ್ತಾಯಿತೆಂದರೆ ನಮ್ಮ ಕಡೆ ಆಮಂತ್ರಣವೆಂಬುದು ಒಂದು ಪುಸ್ತಕವೇ ಆಗುತ್ತದೆ. ಮುಖಪುಟದಲ್ಲಿ ದೇವರು, ಒಳಗೆ ಕಾರ್ಯಕ್ರಮದ ವಿವರ, ಆಮೇಲೆ ಪುಟಗಟ್ಟಲೆ ಹೆಸರು. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಒಂದು ಸಾಲು ಉಪಾಧ್ಯಕ್ಷರು, ಹೊರೆಕಾಣಿಕೆ ಸಮಿತಿ, ಅನ್ನಸಂತರ್ಪಣೆ ಸಮಿತಿ, ಚಪ್ಪರದ ಸಮಿತಿ, ಮುಂಬಯಿ ಸಮಿತಿ. ಹೆಸರು ಟೈಪ್ ಮಾಡುವುದು ಕಷ್ಟವಲ್ಲ. ಯಾರ ಹೆಸರಿನ ಕೆಳಗೆ ಯಾರ ಹೆಸರು ಎಂಬುದು ಕಷ್ಟ. ಸಮಿತಿಯವರು ಒಬ್ಬೊಬ್ಬರಾಗಿ ಬಂದು ಸ್ಟೂಲಿನಲ್ಲಿ ಕೂತು, ಧ್ವನಿ ತಗ್ಗಿಸಿ, "ಅಕ್ಕ, ನಮ್ಮದು ಒಂಚೂರು ಮೇಲೆ ಬರಲಿಕ್ಕೆ ಆಗ್ಲಿಕ್ಕಿಲ್ವಾ?" ಎನ್ನುತ್ತಿದ್ದರು. ಒಂದು ಹೆಸರನ್ನು ಕತ್ತರಿಸಿ ಮೇಲೆ ಅಂಟಿಸುವುದು, ಮಧ್ಯಾಹ್ನ ಇನ್ನೊಬ್ಬರು ಬಂದಾಗ ಅದನ್ನೇ ಕತ್ತರಿಸಿ ಕೆಳಗೆ ಅಂಟಿಸುವುದು. ಕಟ್, ಪೇಸ್ಟ್, ಕಟ್, ಪೇಸ್ಟ್. ಪತ್ರಿಕೆಯಲ್ಲಿ ಎಲ್ಲರೂ ಒಪ್ಪುವ ಸಾಲು ಇದ್ದರೆ ಅದು ಫೋಟೋದ ಅಡಿಬರಹ ಮಾತ್ರ. ಅಲ್ಲಿ ಎಡದಿಂದ ಬಲಕ್ಕೆ ನಿಂತ ಹಾಗೆ ಹೆಸರು, ಬ್ರಹ್ಮನಿಗೂ ತಕರಾರು ಮಾಡಲಿಕ್ಕಾಗದು.

ಕೋಳಿ ವ್ಯಾಪಾರಿಯಿಂದ ಹಿಡಿದು ಬಸ್ಸಿನ ಮಾಲಕರ ತನಕ ನನ್ನ ಸ್ಟೂಲಿನಲ್ಲಿ ಕೈಕಟ್ಟಿ ಕೂತವರೇ. ನನಗದು ಖುಷಿ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೊಸಬ ಕೆಮ್ಮಣ್ಣಿನವನು, ಬೋಟಿನ ಮನೆತನ. ಅವನೂ ಮೊದಲು ಬೋಟಿಗೆ ಹೋಗುತ್ತಿದ್ದವನೇ. ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಎಡಗೈ ಸಿಕ್ಕಿ ನಾಲ್ಕು ಬೆರಳು ಹೋಗಿದ್ದವು. ಹೆಬ್ಬೆರಳು ಉಳಿದಿತ್ತು. ಆಮೇಲೆ ಕಂಪ್ಯೂಟರ್ ಕಲಿತು ಈ ಕೆಲಸಕ್ಕೆ ಬಂದಿದ್ದ. ಬಂದ ದಿನವೇ ನಾನು ಆ ಕೈಯನ್ನು ನೋಡಿದ್ದನ್ನು ನೋಡಿ, "ನಾಲ್ಕನ್ನು ಸಮುದ್ರಕ್ಕೆ ಕೊಟ್ಟು ಬಂದೆ ಅಕ್ಕ, ಅದು ವಾಪಸು ಕೊಡುವ ಜಾತಿಯದ್ದಲ್ಲ" ಎಂದು ನಕ್ಕಿದ್ದ. ನನಗೆ ಅವನ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟುವಷ್ಟರಲ್ಲಿ ಅವನು ಮುಖಪುಟ ಮಾಡಲು ಶುರು ಮಾಡಿದ. ಒಂದು ದೀಪ, ಅದರ ಹಿಂದೆ ಕತ್ತಲು, ಮೂಲೆಯಲ್ಲಿ ದೇವಸ್ಥಾನದ ಹೆಸರು, ಅಷ್ಟೇ. ನಾನಾಗಿದ್ದರೆ ನಾಲ್ಕು ಮೂಲೆಗೂ ಬಳ್ಳಿ ಹಾಕುತ್ತಿದ್ದೆ. ಗಿರಾಕಿಗಳು ಅದನ್ನು ನೋಡಿ ಒಂದು ಗಳಿಗೆ ಮಾತಾಡದೆ ನಿಂತರು. ನನ್ನ ಬಳ್ಳಿಯನ್ನು ನೋಡಿ ಯಾರೂ ಮಾತು ನಿಲ್ಲಿಸಿದ್ದಿಲ್ಲ. ಕನಿಕರ ಅಲ್ಲಿಗೇ ಮುಗಿಯಿತು.

ಆದರೂ ಕೆಲಸ ಹಂಚಿಹೋಗಿತ್ತು. ಮುಖಪುಟ ಅವನದ್ದು, ಹೆಸರಿನ ಪುಟ ನನ್ನದು. ಅವನಿಗೆ ಹೆಸರಿನ ಪುಟ ಆಗುವಂತೆಯೂ ಇರಲಿಲ್ಲ. ಬಲಗೈಯಲ್ಲಿ ಮೌಸ್ ಹಿಡಿದರೆ ಎಡಗೈಯಲ್ಲಿ ಕಂಟ್ರೋಲ್ ಕೀಲಿ ಒತ್ತಿಕೊಂಡೇ ಇನ್ನೊಂದು ಕೀಲಿ ಒತ್ತಬೇಕು. ಒಂದು ಹೆಬ್ಬೆರಳು ಎರಡು ಕೀಲಿ ಒತ್ತುವುದು ಹೇಗೆ? ಅವನು ಪ್ರತಿ ಸಲ ಮೇಲಿನ ಪಟ್ಟಿಗೆ ಹೋಗಿ ಕಟ್ ಹುಡುಕಿ, ಮತ್ತೆ ಹೋಗಿ ಪೇಸ್ಟ್ ಹುಡುಕಬೇಕಿತ್ತು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಆ ಪಟ್ಟಿ ಬಿಚ್ಚಿಕೊಳ್ಳುವುದೇ ನಿಧಾನ.

ಹೀಗಿರುವಾಗ ಕಾಪು ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶದ ಕೆಲಸ ಬಂತು. ದೊಡ್ಡ ಕೆಲಸ. ಸಮಿತಿಯ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು, ತಾಳ್ಮೆಯವರು. ಅವರು ಬರೆದು ತಂದ ಮಾತೃಪ್ರತಿಯ ಅಷ್ಟೂ ಹೆಸರನ್ನು ನಾನೇ ಟೈಪ್ ಮಾಡಿ ಮುಗಿಸಿದೆ. ಇನ್ನು ಮೇಲೆ ಕೆಳಗೆ ಮಾಡುವ ಹಬ್ಬ ಶುರುವಾಗಬೇಕು ಎನ್ನುವಾಗ ಯಜಮಾನರು ಬಂದು, "ಹೆಸರಿನ ಪುಟ ಈ ಸಲ ಅವನೇ ನೋಡಲಿ" ಎಂದರು.

"ಎಂತಕ್ಕೆ ಸರ್?"

"ಸಮಿತಿಯವರು ಕೇಳಿದ್ದು ಹಾಗೆ. ನಿನ್ನ ಕೆಲಸ ಒಳ್ಳೆಯದುಂಟು, ಮಾತು ಮಾತ್ರ ಸ್ವಲ್ಪ ಖಾರ. ಹೋದ ವರ್ಷ ಆ ಉಪಾಧ್ಯಕ್ಷರಿಗೆ ಎಂತ ಹೇಳಿದ್ದಿ, ನೆನಪುಂಟಾ?"

ನೆನಪಿತ್ತು. 'ನಿಮ್ಮ ಹೆಸರು ಎಲ್ಲಿದ್ದರೂ ದೇವರಿಗೆ ಕಾಣುತ್ತದೆ ಮಾರಾಯ್ರೆ, ಕನ್ನಡಕ ಇರುವುದು ನಿಮಗೆ, ಅವರಿಗಲ್ಲ' ಎಂದಿದ್ದೆ. ತಪ್ಪೆಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

"ಅವನ ಕೈಗೆ ಕಷ್ಟ ಆಗ್ತದಲ್ಲ ಸರ್" ಎಂದೆ. ನನ್ನ ಬಾಯಲ್ಲಿ ಆ ಮಾತು ಜೇನಿನ ಹಾಗೆ ಬಂತು.

"ಅದಕ್ಕೇ ಅಲ್ವಾ ಮೌಸ್ ತರಿಸಿದ್ದು. ಬದಿಯ ಒಂದು ಬಟನಿನಲ್ಲಿ ಕಟ್, ಇನ್ನೊಂದರಲ್ಲಿ ಪೇಸ್ಟ್ ಮಾಡ್ಲಿಕ್ಕೆ ಆಗ್ತದಂತೆ, ಭಾವ ಹೇಳಿದ. ನೀನೇ ಹಾಕಿಕೊಡು, ಈ ಯಂತ್ರದ ಮರ್ಮ ನಿನಗೇ ಗೊತ್ತಿರುವುದು." ಮೆಟ್ಟಿಲು ಇಳಿಯುತ್ತಾ ಇನ್ನೊಂದು ಮಾತು ಸೇರಿಸಿದರು. "ಆಗುವುದಿಲ್ಲ ಅಂತಾದರೆ ನೀನೇ ಮಾಡು, ಮತ್ತೆಂತ ಮಾಡುವುದು. ಭಾನುವಾರ ಪತ್ರಿಕೆ ಬಿಡುಗಡೆ ಉಂಟು."

ಆಮಂತ್ರಣ ಪತ್ರಿಕೆಗೂ ನಮ್ಮಲ್ಲಿ ಬಿಡುಗಡೆಯ ಸಮಾರಂಭವಿದೆ, ವೇದಿಕೆ, ಭಾಷಣ, ಶಾಲು ಎಲ್ಲ. ಆ ಭಾನುವಾರದೊಳಗೆ ಬಟನ್ ಕೆಲಸ ಮಾಡಿದರೆ ಸ್ಟೂಲ್ ಅವನ ಕಡೆಗೆ. ಮಾಡದಿದ್ದರೆ ನನ್ನ ಕಡೆಗೆ. ನನ್ನ ಕೈಯಿಂದಲೇ ನನ್ನ ಕಣ್ಣಿಗೆ ಚುಚ್ಚಿಕೊಳ್ಳುವ ಕೆಲಸವನ್ನು ಯಜಮಾನರು ನನಗೇ ವಹಿಸಿ ಹೋಗಿದ್ದರು.

ಸೋಮವಾರ ಕೂತೆ. ಮೌಸಿನ ಜೊತೆ ಒಂದು ಸಣ್ಣ ಡಬ್ಬಿ, ಅದಕ್ಕೆ ವೈರು. ಮೌಸಿನ ಸಂಕೇತವನ್ನು ಹಿಡಿದು ಕಂಪ್ಯೂಟರಿಗೆ ಕೊಡುವುದು ಅದು. ವೈರಿನ ತುದಿಯಲ್ಲಿ ಹಸಿರು ಬಣ್ಣದ ದುಂಡು ಪಿನ್ನು ಸಿಕ್ಕಿಸಿತ್ತು. ಹಳೆಯ ಮೌಸ್ ಕಿತ್ತು ಅದೇ ತೂತಿಗೆ ಹಾಕಿ ಕಂಪ್ಯೂಟರ್ ಚಾಲೂ ಮಾಡಿದೆ. ಬಾಣ ಚೆನ್ನಾಗಿ ಓಡಿತು. ಚಕ್ರ ತಿರುಗಿತು. ಬದಿಯ ಬಟನ್ ಒತ್ತಿದರೆ ಕಲ್ಲಿಗೆ ಒತ್ತಿದ ಹಾಗೆ.

"ಇದರ ಸಿ.ಡಿ. ಎಲ್ಲಿ?" ಎಂದೆ. ಹೆಚ್ಚುವರಿ ಬಟನ್‌ಗಳನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸುವ ತಂತ್ರಾಂಶ ಅದರಲ್ಲಿರುತ್ತದೆ.

ಯಜಮಾನರು ಭಾವನಿಗೆ ಫೋನ್ ಮಾಡಿದರು. ಭಾವ ಮಹಾಶಯರು ಸಿ.ಡಿ.ಯನ್ನು ಪೆಟ್ಟಿಗೆಯ ಸಮೇತ ದುಬೈಯಲ್ಲೇ ಕಸದ ಬುಟ್ಟಿಗೆ ಹಾಕಿದ್ದರಂತೆ. ವಿಮಾನದಲ್ಲಿ ಸಾಮಾನಿನ ತೂಕ ಜಾಸ್ತಿಯಾಗುತ್ತದೆಂದು ಅಲ್ಲಿಂದ ಬರುವವರು ಪ್ರತಿಯೊಂದು ವಸ್ತುವಿನ ಪೆಟ್ಟಿಗೆಯನ್ನೂ ಬಿಚ್ಚಿ ಎಸೆಯುತ್ತಾರೆ, ಹಾಗೆ ಉಳಿದ ತೂಕಕ್ಕೆ ಹಾಲಿನ ಪುಡಿ, ಸಾಬೂನು, ಸೆಂಟು ತುಂಬುತ್ತಾರೆ. ನಮ್ಮ ಸಿ.ಡಿ.ಯ ಜಾಗದಲ್ಲಿ ಯಾರದೋ ಮನೆಗೆ ಒಂದು ಸಾಬೂನು ಹೆಚ್ಚಿಗೆ ಬಂದಿತ್ತು.

ನನಗೆ ಒಳಗೊಳಗೇ ಹಾಯೆನಿಸಿತು. ಮುಖವನ್ನು ಮಾತ್ರ ಗಂಭೀರ ಮಾಡಿಕೊಂಡು, ಮೌಸನ್ನು ಚೀಲಕ್ಕೆ ಹಾಕಿ ಮಣಿಪಾಲಕ್ಕೆ ಹೋದೆ. ನಮಗೆ ಕಂಪ್ಯೂಟರ್ ಜೋಡಿಸಿ ಕೊಟ್ಟ ಅಂಗಡಿಯವರು ಅದನ್ನು ಮಗುಚಿ ಮಗುಚಿ ನೋಡಿ, "ಇದು ಗೇಮ್ ಆಡುವವರ ಮೌಸ್ ಮೇಡಂ. ನಿಮ್ಮ ಹಳೆ ಸಿಸ್ಟಮಿಗೆ ಬದಿಯ ಬಟನ್ ಎಲ್ಲ ಬರ್ಲಿಕ್ಕಿಲ್ಲ. ಸುಮ್ಮನೆ ಸಾದಾ ಮೌಸಿನ ಹಾಗೆ ಉಪಯೋಗಿಸಿ" ಎಂದರು.

ಅಲ್ಲಿಗೇ ಮುಗಿಸಬಹುದಿತ್ತು. ಅಂಗಡಿಯವರೇ ಆಗುವುದಿಲ್ಲ ಎಂದರು ಎಂದು ಯಜಮಾನರಿಗೆ ಹೇಳಿದರೆ ಸ್ಟೂಲ್ ನನ್ನದೇ. ಬಸ್ ಸ್ಟ್ಯಾಂಡಿನ ತನಕ ನಡೆದೂ ಬಂದೆ. ಆದರೆ 'ನಿಮ್ಮ ಹಳೆ ಸಿಸ್ಟಮ್' ಎಂದ ರೀತಿ ನನಗೆ ಹಿಡಿಸಲಿಲ್ಲ. ಅಂಥದೇ ಕಂಪ್ಯೂಟರಿನ ಮುಂದೆ ನಾನು ವರ್ಷಗಟ್ಟಲೆ ಕೂತವಳು. ಅದಕ್ಕೆ ಆಗದ್ದು ಯಾವುದೆಂದು ಹೇಳಬೇಕಾದವಳು ನಾನೇ ಹೊರತು ಇವರಲ್ಲ. ತಿರುಗಿ ಹೋಗಿ ಸೈಬರ್ ಕೆಫೆಯೊಂದಕ್ಕೆ ಹೊಕ್ಕೆ.

ಮಣಿಪಾಲದ ಸೈಬರ್ ಕೆಫೆಯೆಂದರೆ ದೇಶದ ಮೂಲೆಮೂಲೆಯ ಮಕ್ಕಳು. ಇಂಗ್ಲಿಷಿನಲ್ಲಿ ಹರಟುತ್ತಾ, ಕೀಲಿಮಣೆ ನೋಡದೆಯೇ ಬಡಿಯುತ್ತಾ ಇದ್ದರು. ಅವರನ್ನು ನೋಡಿಯೂ ನನಗೆ ಉರಿಯಿತು. ಒಮ್ಮೆ ಉರಿಯಲು ಶುರುವಾದರೆ ಸೌದೆ ಆರಿಸಿ ಹಾಕುವ ಪದ್ಧತಿಯಿಲ್ಲ. ಮೌಸಿನ ಹೊಟ್ಟೆಯ ಮೇಲಿದ್ದ ಮಾದರಿಯ ಹೆಸರನ್ನು ಅಕ್ಷರ ಬಿಡದೆ ಟೈಪ್ ಮಾಡಿ ಹುಡುಕಿದಾಗ ಕಂಪನಿಯ ಪುಟದಲ್ಲಿ ತಂತ್ರಾಂಶ ಸಿಕ್ಕಿತು. ಇಳಿಸಿಕೊಳ್ಳಲು ಇಟ್ಟರೆ ಆಮೆಯ ನಡಿಗೆ, ನಡುವೆ ಸಂಪರ್ಕ ಕಡಿದು ಮೊದಲಿನಿಂದ ಶುರು. ಫ್ಲಾಪಿಗೆ ಹಿಡಿಸುವ ಗಾತ್ರವಲ್ಲ. ಕೆಫೆಯವನಿಂದ ಸಿ.ಡಿ. ಬರೆಸಿಕೊಂಡು ಉಡುಪಿಗೆ ಇಳಿಯುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಸಿ.ಡಿ. ಹಾಕಿದೆ. 'ನಿಮ್ಮ ಮೌಸ್ ಕಾಣುತ್ತಿಲ್ಲ' ಎಂದಿತು. ಮೌಸ್ ಕೈಯಲ್ಲೇ ಇದೆ, ಅದರಿಂದಲೇ ಒತ್ತುತ್ತಿದ್ದೇನೆ, ಕಾಣುತ್ತಿಲ್ಲ ಎನ್ನುತ್ತದೆ. ತೆಗೆದು ಮತ್ತೆ ಹಾಕಿದೆ. ಅದೇ ಉತ್ತರ.

ಹೊಸಬ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು, "ಅಕ್ಕ, ಈ ಹಸಿರು ಪಿನ್ನು ಟೊಪ್ಪಿಯ ಹಾಗೆ ಕಾಣ್ತದೆ. ತೆಗೆದರೆ ಒಳಗೆ ಬೇರೆ ಎಂತದೋ ಉಂಟಾ?" ಎಂದ.

ಎಳೆದರೆ ಬಂತು. ಒಳಗೆ ಚಪ್ಪಟೆ ಯು.ಎಸ್.ಬಿ. ಪಿನ್ನು. ಹಸಿರು ಟೊಪ್ಪಿ ಹಾಕಿಕೊಂಡಷ್ಟು ಹೊತ್ತು ಅದು ಕಂಪ್ಯೂಟರಿಗೆ ಸಾದಾ ಮೌಸ್ ಎಂದೇ ಪರಿಚಯ ಹೇಳುತ್ತಿತ್ತು. ಕಂಪ್ಯೂಟರಿನ ಬೆನ್ನಿನಲ್ಲಿ ಧೂಳು ತುಂಬಿದ ಯು.ಎಸ್.ಬಿ. ತೂತು ಇತ್ತು, ಹುಟ್ಟಿದಾಗಿನಿಂದ ಯಾರೂ ಮುಟ್ಟಿರದದ್ದು. ಅದಕ್ಕೆ ಸಿಕ್ಕಿಸಿದಾಗ ತಂತ್ರಾಂಶ ಮೌಸನ್ನು ಗುರುತಿಸಿತು. ಪರದೆಯ ಮೇಲೆ ಮೌಸಿನ ಚಿತ್ರ ಬಂದು, ಒಂದೊಂದು ಬಟನಿನ ಪಕ್ಕದಲ್ಲೂ ಅದು ಏನು ಮಾಡಬೇಕೆಂದು ಆರಿಸುವ ಪಟ್ಟಿ ಮೂಡಿತು. ಟೊಪ್ಪಿಯ ವಿಷಯ ಅವನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಆ ಸಂಜೆ ಅಂಬಲಪಾಡಿಯ ಮನೆ ಮುಟ್ಟುವ ತನಕ ಕುದಿದೆ.

ಮರುದಿನ ಪಟ್ಟಿಯಿಂದ ಮುಂದಿನ ಬಟನಿಗೆ ಕಟ್, ಹಿಂದಿನದಕ್ಕೆ ಪೇಸ್ಟ್ ಆರಿಸಿ, ಒಂದು ಇಂಗ್ಲಿಷ್ ಬಿಲ್ಲಿನ ಮೇಲೆ ಪ್ರಯೋಗ ಮಾಡಿದೆ. ಪದವನ್ನು ಗುರುತು ಮಾಡಿ ಹೆಬ್ಬೆರಳು ಒತ್ತಿದರೆ ಮಾಯ, ಬೇಕಾದಲ್ಲಿ ಇನ್ನೊಂದು ಒತ್ತಿದರೆ ಪ್ರತ್ಯಕ್ಷ. "ಭಾರಿ ಉಂಟು ಅಕ್ಕ!" ಎಂದು ಅವನು ಕುಣಿದ. ಯಜಮಾನರು ಬಂದು ನೋಡಿ ಅವನ ಬೆನ್ನು ತಟ್ಟಿದರು. ಅವನ ಬೆನ್ನು! ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಮಧ್ಯಾಹ್ನ ಕಾರ್ಯದರ್ಶಿಗಳು ಅಧ್ಯಕ್ಷರನ್ನು ಕರೆದುಕೊಂಡು ಬಂದರು. ಬಂದವರು ಸ್ಟೂಲನ್ನು ಎಳೆದು ಕಿಟಕಿಯ ಬದಿಗೆ ಇಟ್ಟುಕೊಂಡರು. ಅದರ ಕಾಲು ನೆಲಕ್ಕೆ ಉಜ್ಜಿದ ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

"ಮುಂಬಯಿ ಸಮಿತಿಯ ಗೌರವಾಧ್ಯಕ್ಷರನ್ನು ಒಂದು ಸಾಲು ಮೇಲೆ ತೆಗೆಯುವ" ಎಂದರು ಅಧ್ಯಕ್ಷರು.

ಅವನು ಹೆಸರನ್ನು ಗುರುತು ಮಾಡಿ ಬಟನ್ ಒತ್ತಿದ. ಹೆಸರು ಹೋಯಿತು. ಅದರ ಜಾಗದಲ್ಲಿ ಒಂದು 'ಷ' ಬಂದು ಕೂತಿತು. ಗಾಬರಿಯಲ್ಲಿ ಮೇಲಿನ ಸಾಲಿಗೆ ಹೋಗಿ ಪೇಸ್ಟ್ ಒತ್ತಿದರೆ ಅಲ್ಲಿ ಒಂದು 'ವ'. ಮತ್ತೆ ಒತ್ತಿದ, ಇನ್ನೊಂದು 'ವ'. ಮುಂಬಯಿಯ ಗೌರವಾಧ್ಯಕ್ಷರು, ದೇವಸ್ಥಾನದ ಮಾಡಿಗೆ ತಾಮ್ರ ಹೊದಿಸಲು ಕೈಬಿಚ್ಚಿ ಕೊಟ್ಟವರು, ಭೂಮಿಯ ಮೇಲಿನಿಂದ ಅಳಿಸಿಹೋಗಿದ್ದರು.

"ಇದೆಂತ ಕರ್ಮ ಮಾರಾಯ! ಅವರು ಎಲ್ಲಿಗೆ ಹೋದರು?" ಅಧ್ಯಕ್ಷರು ಎದ್ದೇ ನಿಂತರು.

ನಾನು ನನ್ನ ಮೇಜಿನಿಂದ ಏಳಲಿಲ್ಲ. ಮಾತೃಪ್ರತಿ ನೋಡಿ ಹೆಸರನ್ನು ಅವನೇ ಮತ್ತೆ ಟೈಪ್ ಮಾಡಿದ, ಬಲಗೈಯ ಬೆರಳುಗಳಲ್ಲಿ, ಬೆವರುತ್ತಾ. ನನಗೆ ನೆಮ್ಮದಿಯಾಯಿತು. ಮುಂದಿನ ಹೆಸರಿಗೂ ಹಾಗೆಯೇ ಆಯಿತು. ಅಧ್ಯಕ್ಷರು ಹೊರಡುವಾಗ ಯಜಮಾನರಿಗೆ, "ನಾಳೆಯೊಳಗೆ ಇದು ಸರಿ ಆಗದಿದ್ದರೆ ಆ ಅಕ್ಕನ ಹತ್ತಿರವೇ ಮಾಡಿಸಿ. ಖಾರ ಆದರೂ ಅಡ್ಡಿಲ್ಲ, ಹೆಸರು ಮಾಯ ಆಗುವುದು ಬೇಡ" ಎಂದರು.

ಬುಧವಾರ ಬೆಳಿಗ್ಗೆಯಿಡೀ ಅದರ ಹಿಂದೆ ಬಿದ್ದೆ. ಇಂಗ್ಲಿಷಿನಲ್ಲಿ ಸರಿ, ಕನ್ನಡದಲ್ಲಿ ತಪ್ಪು. ನಮ್ಮಲ್ಲಿ ಕನ್ನಡ ಬರೆಯಲು ಕೀಲಿಮಣೆಯ ತಂತ್ರಾಂಶವೊಂದು ಬೇರೆಯೇ ಇತ್ತು. ಅದನ್ನು ಚಾಲೂ ಮಾಡಿದರೆ ಪ್ರತಿ ಕೀಲಿಯೂ ಮೊದಲು ಅದರ ಕೈಗೆ ಹೋಗಿ, ಕನ್ನಡ ಅಕ್ಷರವಾಗಿ ಪುಟಕ್ಕೆ ಬರುತ್ತದೆ. ಮೌಸಿನ ಬಟನ್ ಒತ್ತಿದಾಗ ಮೌಸಿನ ತಂತ್ರಾಂಶ ಮಾಡುವುದು ಕಂಟ್ರೋಲ್ ಮತ್ತು ಎಕ್ಸ್ ಕೀಲಿಯನ್ನು ನಾವೇ ಒತ್ತಿದಂತೆ ನಟಿಸುವುದು. ನನ್ನ ಊಹೆ ಏನೆಂದರೆ, ಅದು ಎಷ್ಟು ಅವಸರದಲ್ಲಿ ನಟಿಸುತ್ತಿತ್ತೆಂದರೆ ನಡುವೆ ಕೂತ ಕನ್ನಡದ ತಂತ್ರಾಂಶ ಕಂಟ್ರೋಲನ್ನು ಗಮನಿಸದೆ, ಬರೇ ಎಕ್ಸ್ ಬಂತೆಂದು ತಿಳಿದು ಅದಕ್ಕೆ ಸರಿಯಾದ 'ಷ' ಅಕ್ಷರವನ್ನು ಹಾಕುತ್ತಿತ್ತು. ಗುರುತು ಮಾಡಿದ ಹೆಸರಿನ ಮೇಲೆ ಅಕ್ಷರ ಬಿದ್ದರೆ ಹೆಸರು ಅಳಿಸಿಹೋಗುವುದು ಸಹಜ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಕನ್ನಡದ ತಂತ್ರಾಂಶವನ್ನು ಒಂದು ಕೀಲಿಯಿಂದ ನಿಲ್ಲಿಸಿ, ಕಟ್ ಮಾಡಿ, ಮತ್ತೆ ಚಾಲೂ ಮಾಡಬಹುದಿತ್ತು. ಅವನು ಪ್ರಯತ್ನಿಸಿದ. ಎರಡು ಹೆಸರಿನೊಳಗೆ ಮರೆತು ಮತ್ತೊಂದು 'ಷ' ಹುಟ್ಟಿಸಿದ. ಕೊನೆಗೆ ಮೌಸನ್ನು ಮೆಲ್ಲ ದೂಡಿ ಕುರ್ಚಿಗೆ ಒರಗಿದ.

"ಬಿಡಿ ಅಕ್ಕ. ಇದು ನನಗೆ ಹೇಳಿದ್ದಲ್ಲ. ನೀವೇ ಮಾಡಿ ಹೆಸರು. ನಾನು ಬಳ್ಳಿ ಎಂತಾದ್ರೂ ಬಿಡಿಸಿಕೊಂಡು ಇರ್ತೇನೆ" ಎಂದ. ಅವನ ನಗುವಿನಲ್ಲಿ ಉಪ್ಪಿರಲಿಲ್ಲ. ಟಿಫಿನ್ ಡಬ್ಬಿಯನ್ನೂ ತೆಗೆದುಕೊಳ್ಳದೆ ಕೆಳಗೆ ಹೋದ.

ನಾನು ಅವನ ಕುರ್ಚಿಯಲ್ಲಿ ಕೂತೆ. ಪುಟದ ಮೇಲೆ ಅಲ್ಲಲ್ಲಿ ಉಳಿದಿದ್ದ 'ಷ', 'ವ'ಗಳನ್ನು ಡಿಲೀಟ್ ಕೀಲಿಯಿಂದ ಅಳಿಸುತ್ತಾ ಹೋದೆ. ಕನ್ನಡ ಚಾಲೂ ಇತ್ತು. ಅಳಿಸುತ್ತಿದ್ದ ಕೈ ಹಾಗೆಯೇ ನಿಂತಿತು. ಡಿಲೀಟ್ ಒತ್ತಿದರೆ ಅಳಿಸುತ್ತದೆ, ಕನ್ನಡವಾಗುವುದಿಲ್ಲ. ಬಾಣದ ಕೀಲಿಗಳೂ ಕನ್ನಡವಾಗುವುದಿಲ್ಲ. ಅಕ್ಷರವಿಲ್ಲದ ಕೀಲಿಗಳನ್ನು ನಡುವಿನ ಪೂಜಾರಿ ಮುಟ್ಟುವುದೇ ಇಲ್ಲ. ಹಾಗಾದರೆ ಅಕ್ಷರವೇ ಇಲ್ಲದ ಕಟ್, ಅಕ್ಷರವೇ ಇಲ್ಲದ ಪೇಸ್ಟ್ ಬೇಕು.

ಅದು ನನಗೆ ಗೊತ್ತಿತ್ತು. ಕಾರ್ಕಳದಲ್ಲಿ ನಾನು ಕಂಪ್ಯೂಟರ್ ಕಲಿತದ್ದು ಪರದೆ ಬರೇ ಕಪ್ಪಗೆ ಇದ್ದ ಕಾಲದಲ್ಲಿ, ಮೌಸೇ ಇಲ್ಲದ ಯಂತ್ರದಲ್ಲಿ. ಅಲ್ಲಿ ನಮಗೆ ಕಲಿಸಿದ ಟೀಚರ್ ಶಿಫ್ಟ್ ಒತ್ತಿ ಡಿಲೀಟ್ ಅಂದರೆ ಕತ್ತರಿಸುವುದು, ಶಿಫ್ಟ್ ಒತ್ತಿ ಇನ್ಸರ್ಟ್ ಅಂದರೆ ಅಂಟಿಸುವುದು ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಆಮೇಲೆ ಎಲ್ಲರೂ ಎಕ್ಸ್, ವಿ ಎಂದು ಕಲಿತು ಅದನ್ನು ಮರೆತೆವು. ಯಂತ್ರ ಮರೆತಿರುತ್ತದೆಯೇ?

ಮೌಸಿನ ತಂತ್ರಾಂಶ ತೆರೆದೆ. ಪಟ್ಟಿಯ ತೀರ ಕೆಳಗೆ, ನಮಗೆ ಬೇಕಾದ ಕೀಲಿಯನ್ನು ಒತ್ತಿ ತೋರಿಸಿ ಎನ್ನುವ ಒಂದು ಖಾಲಿ ಚೌಕವಿತ್ತು. ಮುಂದಿನ ಬಟನಿಗೆ ಶಿಫ್ಟ್ ಮತ್ತು ಡಿಲೀಟ್ ಒತ್ತಿ ತೋರಿಸಿದೆ. ಹಿಂದಿನದಕ್ಕೆ ಶಿಫ್ಟ್ ಮತ್ತು ಇನ್ಸರ್ಟ್. ಉಳಿಸಿ, ಹೆಸರಿನ ಪುಟಕ್ಕೆ ಬಂದು, ಕನ್ನಡ ಚಾಲೂ ಇರುವಾಗಲೇ ಮುಂಬಯಿಯ ಗೌರವಾಧ್ಯಕ್ಷರನ್ನು ಗುರುತು ಮಾಡಿ ಉಸಿರು ಹಿಡಿದು ಒತ್ತಿದೆ. ಹೋದರು. 'ಷ' ಬರಲಿಲ್ಲ. ಮೇಲಿನ ಸಾಲಿನಲ್ಲಿ ಒತ್ತಿದೆ. ಪೂರ್ತಿ ಹೆಸರು, ಇನಿಷಿಯಲ್ಲು, ಉದ್ಯಮಿ ಎಂಬ ಬಿರುದು, ಎಲ್ಲದರ ಸಮೇತ ಬಂದು ಕೂತರು.

ಕೋಣೆಯಲ್ಲಿ ನಾನೊಬ್ಬಳೇ. ಕೆಳಗೆ ಯಂತ್ರದ ಸದ್ದು. ಎರಡೂ ಬಟನಿನ ಕೀಲಿಯನ್ನು ಮೊದಲಿನ ಹಾಗೆ ಮಾಡಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಧ್ಯಕ್ಷರ ಬಾಯಿಂದಲೇ ತೀರ್ಪು ಬಂದಾಗಿತ್ತು, ಅವನೂ ಕೈಚೆಲ್ಲಿದ್ದ, ಸ್ಟೂಲನ್ನು ಎತ್ತಿ ನನ್ನ ಬದಿಗೆ ಇಟ್ಟರೆ ಮುಗಿಯಿತು. ನಾನು ಸ್ಟೂಲನ್ನು ನೋಡಿದೆ, ಪರದೆಯನ್ನು ನೋಡಿದೆ. ಮಣಿಪಾಲದ ಅಂಗಡಿಯವರು ಆಗುವುದಿಲ್ಲ ಎಂದದ್ದನ್ನು ನಾನು ಮಾಡಿದ್ದೆ. ಆದರೆ ಹೇಳದೆ ಇಟ್ಟುಕೊಂಡರೆ ನಾನು ಮಾಡಿದೆನೆಂದು ಯಾರಿಗೆ ಗೊತ್ತಾಗಬೇಕು? ಹೊಟ್ಟೆಕಿಚ್ಚು ನನ್ನನ್ನು ಒಂದು ಕಡೆಗೆ ಎಳೆಯಿತು, ಜಂಬ ಇನ್ನೊಂದು ಕಡೆಗೆ. ನನ್ನಲ್ಲಿ ಜಂಬವೇ ಯಾವಾಗಲೂ ಒಂದು ಹಿಡಿ ಹೆಚ್ಚು.

ಮೆಟ್ಟಿಲ ತುದಿಗೆ ಬಂದು, "ಹೋಯ್, ಮೇಲೆ ಬಾ ಮಾರಾಯ" ಎಂದು ಕೂಗಿದೆ.

ಅವನು ಒತ್ತಿ ನೋಡಿದ. ಮತ್ತೆ ಒತ್ತಿದ. ಉಪಾಧ್ಯಕ್ಷರ ಇಡೀ ಸಾಲನ್ನು ಮೇಲೆ ಕೆಳಗೆ ಕುಣಿಸಿದ. ಮಾತಾಡಲಿಲ್ಲ. ಅವನ ಮುಖಪುಟ ನೋಡಿದವರು ಹೇಗೆ ಮಾತಾಡದೆ ನಿಲ್ಲುತ್ತಿದ್ದರೋ ಹಾಗೆ. ಆಮೇಲೆ, "ಅಕ್ಕ, ಇದು ಎಂತ ಮಾಡಿದ್ದು ನೀವು?" ಎಂದ. ನಾನು ಶುರುವಿನಿಂದ ಕೊನೆಯ ತನಕ ವಿವರಿಸಿದೆ, ಅಗತ್ಯಕ್ಕಿಂತ ಸ್ವಲ್ಪ ಗಟ್ಟಿಯಾಗಿ, ಕೆಳಗಿದ್ದ ಯಜಮಾನರಿಗೂ ಕೇಳುವ ಹಾಗೆ.

ಆಮೇಲಿನ ಎರಡು ದಿನ ಸಮಿತಿಯವರು ಬಂದರು, ಹೋದರು, ಸ್ಟೂಲ್ ಕಿಟಕಿಯ ಬದಿಯಲ್ಲೇ ಇತ್ತು. ಅವನ ಹೆಬ್ಬೆರಳಿನ ಟಿಕ್ ಟಿಕ್ ಕೇಳುತ್ತಾ ನಾನು ಮದುವೆ ಕಾಗದ ಮಾಡಿದೆ. "ಎಷ್ಟು ಬೇಗ ಮಾಡ್ತೀರಿ ಮಾರಾಯ್ರೆ!" ಎಂದು ಅವರು ಅವನಿಗೆ ಹೇಳಿದಾಗಲೆಲ್ಲ ನನ್ನ ಚೆಂಡಿನ ಮೌಸಿನ ಕಸ ಕೆರೆದೆ. ಆ ಎರಡು ದಿನ ಅದು ಹಿಂದೆಂದೂ ಇಲ್ಲದಷ್ಟು ಚೊಕ್ಕವಾಗಿತ್ತು.

ಭಾನುವಾರ ಯಜಮಾನರು ನಮ್ಮಿಬ್ಬರನ್ನೂ ಕಾಪುವಿಗೆ ಕರೆದುಕೊಂಡು ಹೋದರು. ಪತ್ರಿಕೆ ಬಿಡುಗಡೆಯಾಯಿತು. ಮುಖಪುಟದ ದೀಪವನ್ನು ಎಲ್ಲರೂ ಹೊಗಳಿದರು. ಕಾರ್ಯದರ್ಶಿಗಳು ಮೈಕಿನಲ್ಲಿ ಹೊಸಬನ ಹೆಸರು ಕರೆದರು. ಅವನು ವೇದಿಕೆಗೆ ಹೋದ, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿ ದೊಡ್ಡದು, ಒಂದು ಅನಾನಸನ್ನೂ ಇಟ್ಟಿದ್ದರು. ಒಂದೇ ಕೈಗೆ ಅದು ವಾಲತೊಡಗಿತು. ಅವನು ಕೆಳಗೆ ನೋಡಿ, "ಅಕ್ಕ, ಒಮ್ಮೆ ಬನ್ನಿ, ಇದನ್ನು ಹಿಡಿಯಿರಿ" ಎಂದ. ಇಡೀ ಸಭೆ ನನ್ನ ಕಡೆ ತಿರುಗಿತು. ಹೋಗದೆ ಉಪಾಯವಿಲ್ಲ. ಬದಿಯ ಮೆಟ್ಟಿಲು ಹತ್ತಿ ಹೋಗಿ ಬುಟ್ಟಿ ಹಿಡಿದು ನಿಂತೆ. ಶಾಲು ಅವನಿಗೆ, ಅನಾನಸಿನ ಮುಳ್ಳು ನನಗೆ. ಅಷ್ಟರಲ್ಲಿ ಫೋಟೋದವನು ಬೆಳಕು ಹೊಡೆದ.

ಬ್ರಹ್ಮಕಲಶ ಮುಗಿದ ಮೇಲೆ ಸ್ಮರಣ ಸಂಚಿಕೆಯ ಕೆಲಸವೂ ನಮಗೇ ಬಂತು. ಒಂದು ಮಧ್ಯಾಹ್ನ ಅವನು, "ಅಕ್ಕ, ನಮ್ಮ ಫೋಟೋ ಬಂದುಂಟು" ಎಂದು ಕರೆದ. ಹೋಗಿ ನೋಡಿದೆ. ಫೋಟೋದ ತೀರ ಎಡತುದಿಯಲ್ಲಿ ನಾನು, ಬುಟ್ಟಿಯ ಹಿಂದೆ ಅರ್ಧ ಮುಖ, ಹುಬ್ಬು ಗಂಟಿಕ್ಕಿ. ನನ್ನ ಪಕ್ಕ ಶಾಲು ಹೊದ್ದು ಅವನು, ಆಮೇಲೆ ಅಧ್ಯಕ್ಷರು, ಕಾರ್ಯದರ್ಶಿಗಳು. ಕೆಳಗೆ ಅಡಿಬರಹ. 'ಮುಖಪುಟ ವಿನ್ಯಾಸಕಾರರಿಗೆ ಗೌರವ. ಎಡದಿಂದ ಬಲಕ್ಕೆ' ಎಂದು ಬರೆದು ಅಧ್ಯಕ್ಷರ ಹೆಸರು, ಕಾರ್ಯದರ್ಶಿಗಳ ಹೆಸರು, ಅವನ ಹೆಸರು. ಕೊನೆಯಲ್ಲಿ 'ಹಾಗೂ ಪ್ರೆಸ್ಸಿನ ಸಿಬ್ಬಂದಿ'.

"ಸಮಿತಿಯವರು ಬರೆದು ಕೊಟ್ಟದ್ದು ಹಾಗೆ ಅಕ್ಕ" ಎಂದು ಅವನು ತಲೆ ತುರಿಸಿದ. "ಎಂತ ಮಾಡುವ? ನಿಮ್ಮನ್ನು ಇಡುವುದಾ, ಕತ್ತರಿಸುವುದಾ?"

"ಏಳು" ಎಂದೆ.

ಎದ್ದ. ಅವನ ಕುರ್ಚಿಯಲ್ಲಿ ಕೂತು, ಸಿಬ್ಬಂದಿಯನ್ನು ಅಳಿಸಿ ಆ ಜಾಗದಲ್ಲಿ ನನ್ನ ಹೆಸರು ಟೈಪ್ ಮಾಡಿದೆ, ಇನಿಷಿಯಲ್ ಸಮೇತ. ಬಾಲವಿಲ್ಲದ ಮೌಸನ್ನು ಅಂಗೈಯೊಳಗೆ ಹಿಡಿದು ಹೆಸರನ್ನು ಗುರುತು ಮಾಡಿ ಹೆಬ್ಬೆರಳಿನಿಂದ ಮುಂದಿನ ಬಟನ್ ಒತ್ತಿದೆ. ಆಮೇಲೆ ಅಧ್ಯಕ್ಷರ ಹೆಸರಿನ ಮುಂದೆ, 'ಎಡದಿಂದ ಬಲಕ್ಕೆ' ಎಂಬುದರ ಮಗ್ಗುಲಿಗೇ ಹೋಗಿ ಹಿಂದಿನ ಬಟನ್ ಒತ್ತಿದೆ. ಅವನದನ್ನೂ ಕತ್ತರಿಸಿ ನನ್ನದರ ನಂತರ ಅಂಟಿಸಿದೆ.

"ಅಕ್ಕ, ಅಧ್ಯಕ್ಷರು ಕೇಳಿದರೆ?"

"ಫೋಟೋ ನೋಡ್ಲಿಕ್ಕೆ ಹೇಳು" ಎಂದೆ. "ಎಡಗಡೆ ಯಾರು ನಿಂತಿದ್ದಾರೆ ಅಂತ."

ಅವನು ನಕ್ಕ ನಗುವಿಗೆ ಕೆಳಗಿನ ಯಂತ್ರದವರು ಎಂತ ಆಯಿತು ಎಂದು ಕೇಳಿದರು. ನಾನು ಏಳಲಿಲ್ಲ. ಹೆಬ್ಬೆರಳನ್ನು ಆ ಎರಡು ಬಟನ್‌ಗಳ ಮೇಲೆಯೇ ಇಟ್ಟುಕೊಂಡು, ಸಂಚಿಕೆಯ ಮುಂದಿನ ಹೆಸರಿನ ಪುಟ ತೆರೆದೆ.